ಶಬ್ದಗಳ ಖಜಾನೆ ಕಟ್ಟಿದ ವೈದ್ಯ: ಪೀಟರ್ ಮಾರ್ಕ್ ರೋಜೆ



ಇಂಗ್ಲಿಷ್ ಪ್ರಬಂಧ ಬರೆಯಲು ಕುಳಿತಾಗ ಒಂದೇ ಪದ ಮತ್ತೆ ಮತ್ತೆ ಬಂದು ನಿಮಗೆ ಬೇಸರವಾಗಿರಬಹುದು. ಅದೇ ಅರ್ಥದ ಬೇರೊಂದು ಪದ ಬೇಕೆಂದಾಗ ನಾವು ತೆರೆಯುವ ಪುಸ್ತಕವೇ ಥೆಸಾರಸ್. ಇಂದು ಅದು ಮೊಬೈಲಿನಲ್ಲಿಯೂ ಸಿಗುತ್ತದೆ. ಥೆಸಾರಸ್ ಎಂಬುದು ಗ್ರೀಕ್ ಮೂಲದ ಪದ. ಭಂಡಾರ, ಅಂದರೆ ಖಜಾನೆ ಎಂದು ಇದರ ಅರ್ಥ. ಈ ಖಜಾನೆಯನ್ನು ಕಟ್ಟಿದವರು ಭಾಷಾ ಪಂಡಿತರಾಗಿರಲಿಲ್ಲ, ರೋಗಿಗಳನ್ನು ನೋಡುತ್ತಿದ್ದ ಒಬ್ಬ ವೈದ್ಯರು. ಅವರೇ ಪೀಟರ್ ಮಾರ್ಕ್ ರೋಜೆ. ಅವರ ಜೀವನದಿಂದ ಕಲಿಯಬೇಕಾದದ್ದು ನಮಗೆ ಬಹಳಷ್ಟಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರೋಜೆಯವರು 1779ರ ಜನವರಿ 18ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಜಿನೀವಾ ಮೂಲದ ಪಾದ್ರಿ. ಮಗನಿಗೆ ನಾಲ್ಕು ವರ್ಷವಾಗಿದ್ದಾಗಲೇ, 1783ರಲ್ಲಿ, ಅವರು ಕ್ಷಯರೋಗದಿಂದ ತೀರಿಕೊಂಡರು. ತಾಯಿ ಕ್ಯಾಥರೀನ್ ಮಗನ ಓದಿಗೆ ಕೊರತೆಯಾಗದಂತೆ ನೋಡಿಕೊಂಡರು. ತಾಯಿಯ ಸಹೋದರ ಸ್ಯಾಮ್ಯುಯೆಲ್ ರೊಮಿಲಿ ಹೆಸರಾಂತ ನ್ಯಾಯವಾದಿ. ತಂದೆಯಿಲ್ಲದ ಬಾಲಕನಿಗೆ ಸೋದರಮಾವನೇ ಆಸರೆಯಾದರು.

ಪದಗಳನ್ನು ಪಟ್ಟಿ ಮಾಡುವ ಅಭ್ಯಾಸ ರೋಜೆಗೆ ಚಿಕ್ಕಂದಿನಿಂದಲೇ ಇತ್ತು. ಎಂಟು ವರ್ಷದ ಹುಡುಗನಾಗಿದ್ದಾಗಲೇ ಲ್ಯಾಟಿನ್ ಪದಗಳನ್ನೂ ಅವುಗಳ ಇಂಗ್ಲಿಷ್ ಅರ್ಥವನ್ನೂ ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 14ನೇ ವಯಸ್ಸಿಗೆ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿ, 1798ರಲ್ಲಿ, ಕೇವಲ 19ನೇ ವಯಸ್ಸಿನಲ್ಲಿ ವೈದ್ಯ ಪದವಿ ಪಡೆದರು.

ಪದವಿ ಸಿಕ್ಕರೂ ಕೆಲಸ ಕೂಡಲೇ ಸಿಗಲಿಲ್ಲ. 1802ರಲ್ಲಿ ಮ್ಯಾಂಚೆಸ್ಟರಿನ ಒಬ್ಬ ಹತ್ತಿ ಗಿರಣಿ ಮಾಲೀಕರ ಇಬ್ಬರು ಮಕ್ಕಳಿಗೆ ಶಿಕ್ಷಕರಾಗಿ ಅವರೊಂದಿಗೆ ಯುರೋಪ್ ಪ್ರವಾಸಕ್ಕೆ ಹೊರಟರು. ಮರುವರ್ಷ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಮತ್ತೆ ಯುದ್ಧ ಆರಂಭವಾಯಿತು. ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಜಾಗಗಳಲ್ಲಿನ ಬ್ರಿಟಿಷ್ ಗಂಡಸರನ್ನು ಬಂಧಿಸಲು ನೆಪೋಲಿಯನ್ ಆಜ್ಞೆ ಹೊರಡಿಸಿದನು. ರೋಜೆ ಆಗ ಜಿನೀವಾದಲ್ಲಿದ್ದರು, ಜಿನೀವಾವೂ ಫ್ರಾನ್ಸಿನ ವಶದಲ್ಲಿತ್ತು. ತಮ್ಮ ತಂದೆ ಇದೇ ಊರಿನವರೆಂದು ದಾಖಲೆ ತೋರಿಸಿ, ತಾವೂ ಜಿನೀವಾದ ನಾಗರಿಕರೆಂದು ಸಾಬೀತುಪಡಿಸಿ ಪಾರಾದರು. ತಮ್ಮನ್ನು ನಂಬಿ ಒಪ್ಪಿಸಿದ್ದ ಇಬ್ಬರು ಹುಡುಗರನ್ನೂ ಕ್ಷೇಮವಾಗಿ ಊರಿಗೆ ತಲುಪಿಸಿದರು.

ವೈದ್ಯ ಮತ್ತು ವಿಜ್ಞಾನಿ

1804ರಲ್ಲಿ ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ವೈದ್ಯರಾದರು. ಗಿರಣಿಗಳು ಬೆಳೆಯುತ್ತಿದ್ದ ಆ ನಗರದಲ್ಲಿ ಬಡ ಕಾರ್ಮಿಕರೇ ತುಂಬಿದ್ದರು. 1808ರಲ್ಲಿ ಲಂಡನ್ನಿಗೆ ಬಂದ ಮೇಲೆ ಬಡವರಿಗಾಗಿ ಒಂದು ಔಷಧಾಲಯ ಸ್ಥಾಪಿಸಲು ಶ್ರಮಿಸಿ, ಅಲ್ಲಿ 18 ವರ್ಷ ಸಂಬಳವಿಲ್ಲದೆ ಸೇವೆ ಸಲ್ಲಿಸಿದರು.

ಅವರ ಆಸಕ್ತಿ ವೈದ್ಯಕೀಯಕ್ಕೆ ಸೀಮಿತವಾಗಿರಲಿಲ್ಲ. ಘಾತ ಮತ್ತು ಮೂಲಗಳನ್ನು ಸುಲಭವಾಗಿ ಲೆಕ್ಕ ಹಾಕುವ ಹೊಸ ಬಗೆಯ ಸ್ಲೈಡ್ ರೂಲ್ ರೂಪಿಸಿದರು. 1815ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಸಿಕ್ಕಿತು. ಉರುಳುವ ಗಾಡಿಯ ಚಕ್ರವನ್ನು ಬೇಲಿಯ ಸಂದುಗಳಿಂದ ನೋಡಿದಾಗ ಅದರ ಅರೆಕಾಲುಗಳು ಬಾಗಿದಂತೆ ಏಕೆ ಕಾಣುತ್ತವೆ ಎಂದು ವಿವರಿಸಿ 1824ರಲ್ಲಿ ಪ್ರಬಂಧ ಮಂಡಿಸಿದರು. ಸಿನಿಮಾದ ಇತಿಹಾಸ ಬರೆಯುವವರು ಇಂದಿಗೂ ಈ ಪ್ರಬಂಧವನ್ನು ನೆನೆಯುತ್ತಾರೆ. ಲಂಡನ್ನಿನ ಕುಡಿಯುವ ನೀರನ್ನು ಪರೀಕ್ಷಿಸಿ 1828ರಲ್ಲಿ ವರದಿ ನೀಡಿದ ಮೂವರ ಆಯೋಗದಲ್ಲಿ ಅವರೂ ಒಬ್ಬರು. 1827ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿ ದುಡಿದರು.

ಈ ಯಶಸ್ಸಿನ ನಡುವೆ ದುಃಖವೂ ಕಡಿಮೆಯಿರಲಿಲ್ಲ. 1818ರಲ್ಲಿ ಸೋದರಮಾವ ರೊಮಿಲಿ ಪತ್ನಿಯ ಅಗಲಿಕೆಯನ್ನು ತಾಳಲಾರದೆ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ವೈದ್ಯರಾಗಿಯೂ ಬಂಧುವಾಗಿಯೂ ಹತ್ತಿರವಿದ್ದ ರೋಜೆಗೆ ಅವರನ್ನು ಉಳಿಸಿಕೊಳ್ಳಲು ಆಗಲಿಲ್ಲ. 1824ರಲ್ಲಿ ಮೇರಿ ಹಾಬ್ಸನ್ ಎಂಬವರನ್ನು ವಿವಾಹವಾದರು. ಒಂಬತ್ತೇ ವರ್ಷದಲ್ಲಿ, 1833ರಲ್ಲಿ, ಆಕೆಯೂ ಕ್ಯಾನ್ಸರಿಗೆ ಬಲಿಯಾದರು. ಇಬ್ಬರು ಚಿಕ್ಕ ಮಕ್ಕಳ ಹೊಣೆ ರೋಜೆಯ ಮೇಲೆ ಬಿತ್ತು. ಆದರೂ ಓದು, ಬರಹ, ಉಪನ್ಯಾಸಗಳನ್ನು ಅವರು ಕೈಬಿಡಲಿಲ್ಲ.

47 ವರ್ಷ ಕಾದ ಪುಸ್ತಕ

ಈಗ ಖಜಾನೆಯ ವಿಷಯಕ್ಕೆ ಬರೋಣ. 1805ರಲ್ಲಿ, 26ನೇ ವಯಸ್ಸಿನಲ್ಲಿ, ರೋಜೆ ಇಂಗ್ಲಿಷ್ ಪದಗಳನ್ನು ಅರ್ಥಕ್ಕೆ ತಕ್ಕಂತೆ ವಿಂಗಡಿಸಿ ಚಿಕ್ಕದೊಂದು ಪಟ್ಟಿ ತಯಾರಿಸಿದ್ದರು. ಅದು ಅಚ್ಚಿಗಾಗಿ ಬರೆದದ್ದಲ್ಲ. ಬರೆಯುವಾಗ ತಮಗೆ ಸರಿಯಾದ ಪದ ಹೊಳೆಯುವುದಿಲ್ಲವೆಂದು, ಆ ಕೊರತೆ ನೀಗಿಸಿಕೊಳ್ಳಲು ಮಾಡಿಕೊಂಡದ್ದು. 1848ರಲ್ಲಿ ಕಾರ್ಯದರ್ಶಿ ಹುದ್ದೆ ಬಿಟ್ಟಾಗ ಅವರಿಗೆ ಹತ್ತಿರ ಹತ್ತಿರ 70 ವರ್ಷ. ಇತರರು ವಿಶ್ರಾಂತಿ ಬಯಸುವ ಆ ವಯಸ್ಸಿನಲ್ಲಿ ಅವರು ಹಳೆಯ ಪಟ್ಟಿಯನ್ನು ಹೊರತೆಗೆದು ಮತ್ತೆ ದುಡಿಯಲು ಕುಳಿತರು. 1852ರಲ್ಲಿ, 73ನೇ ವಯಸ್ಸಿನಲ್ಲಿ, ಸುಮಾರು 15,000 ಪದಗಳ ಥೆಸಾರಸ್ ಪ್ರಕಟವಾಯಿತು.

ಶಬ್ದಕೋಶಕ್ಕೂ ಥೆಸಾರಸ್‌ಗೂ ಇರುವ ವ್ಯತ್ಯಾಸವನ್ನು ಗಮನಿಸಿ. ಪದ ಗೊತ್ತಿದ್ದು ಅರ್ಥ ಗೊತ್ತಿಲ್ಲದಿದ್ದರೆ ಶಬ್ದಕೋಶ, ಅಂದರೆ ಲುಗತ್, ನೋಡುತ್ತೇವೆ. ಅರ್ಥ ಮನಸ್ಸಿನಲ್ಲಿದ್ದು ಪದ ಸಿಗದಿದ್ದರೆ ಥೆಸಾರಸ್ ನೋಡುತ್ತೇವೆ. ರೋಜೆ ಎಲ್ಲ ಪದಗಳನ್ನೂ ಅಮೂರ್ತ ಸಂಬಂಧ, ಸ್ಥಳ, ದ್ರವ್ಯ, ಬುದ್ಧಿ, ಇಚ್ಛೆ, ಭಾವನೆ ಎಂಬ ಆರು ದೊಡ್ಡ ವರ್ಗಗಳಲ್ಲಿ ಹಂಚಿ, ಅವುಗಳನ್ನು 1,000 ಶೀರ್ಷಿಕೆಗಳಾಗಿ ಒಡೆದರು. ಜ್ಞಾನ ಮತ್ತು ಅಜ್ಞಾನದಂತಹ ವಿರುದ್ಧ ಅರ್ಥಗಳನ್ನು ಎದುರು ಬದುರಾಗಿ ಇಟ್ಟರು.

ಅರ್ಥದ ಪ್ರಕಾರ ಪದ ಜೋಡಿಸುವ ಕ್ರಮ ನಮ್ಮ ದೇಶಕ್ಕೆ ಹೊಸದಲ್ಲ. ಸಂಸ್ಕೃತದ ಅಮರಕೋಶ ಶತಮಾನಗಳ ಹಿಂದೆಯೇ ಹಾಗೆ ರಚಿತವಾಗಿತ್ತು. ಕೋಲ್‌ಬ್ರೂಕ್ ಮಾಡಿದ ಅದರ ಇಂಗ್ಲಿಷ್ ಅನುವಾದ 1808ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಗಿತ್ತು. ತಮಗಿಂತ ಮೊದಲು ಇಂತಹ ಕೆಲಸ ಮಾಡಿದವರಿದ್ದಾರೆ ಎಂದು ರೋಜೆ ತಮ್ಮ ಮುನ್ನುಡಿಯಲ್ಲಿ ಇದನ್ನು ಹೆಸರಿಸಿದ್ದಾರೆ.

ಜಾಣನೋ, ಕಪಟಿಯೋ?

ಆದರೆ ಒಂದು ಕೆಲಸವನ್ನು ರೋಜೆ ಬೇಕೆಂದೇ ಮಾಡಲಿಲ್ಲ. ಹತ್ತಿರದ ಪದಗಳನ್ನು ಒಟ್ಟಿಗೆ ಇಟ್ಟರೇ ಹೊರತು, ಅವುಗಳ ನಡುವಿನ ಸೂಕ್ಷ್ಮ ವ್ಯತ್ಯಾಸವನ್ನು ವಿವರಿಸಲಿಲ್ಲ. ಅದು ಬೇರೆಯೇ ಒಂದು ವಿದ್ಯೆ ಎಂದು ಭಾವಿಸಿ, ಆಯ್ಕೆಯನ್ನು ಓದುಗರಿಗೆ ಬಿಟ್ಟರು. ನಾವು ಎಡವುವುದು ಇಲ್ಲಿಯೇ.

ಕ್ಲೆವರ್ ಎಂಬ ಸಾಮಾನ್ಯ ಪದವನ್ನು ತೆಗೆದುಕೊಳ್ಳಿ. ಅದರ ನೆರೆಯಲ್ಲಿ ಇಂಟೆಲಿಜೆಂಟ್, ವೈಸ್, ಶ್ರೂಡ್, ಕನ್ನಿಂಗ್ ಎಂಬ ಪದಗಳು ಸಿಗುತ್ತವೆ. ಕ್ಲೆವರ್ ಎಂದರೆ ಚುರುಕಾಗಿ ಕಲಿಯುವ ಜಾಣ, ಉರ್ದುವಿನಲ್ಲಿ ಹೋಶಿಯಾರ್. ಇಂಟೆಲಿಜೆಂಟ್ ಎಂದರೆ ಗ್ರಹಣಶಕ್ತಿಯುಳ್ಳ ಬುದ್ಧಿವಂತ, ಅಂದರೆ ಜಹೀನ್. ವೈಸ್ ಎಂದರೆ ಅನುಭವದಿಂದ ಮಾಗಿ ಸರಿ ತಪ್ಪು ತಿಳಿದ ವಿವೇಕಿ, ಅಂದರೆ ದಾನಾ. ಶ್ರೂಡ್ ಎಂದರೆ ಲಾಭ ನಷ್ಟವನ್ನು ಬೇಗ ಅಳೆಯುವ ವ್ಯವಹಾರ ಚತುರ. ಕನ್ನಿಂಗ್ ಎಂದರೆ ಮೋಸದಿಂದ ಕೆಲಸ ಸಾಧಿಸುವ ಕಪಟಿ, ಅಂದರೆ ಮಕ್ಕಾರ್. ಹತ್ತು ವರ್ಷದ ಹುಡುಗ ಕ್ಲೆವರ್ ಆಗಬಲ್ಲ, ವೈಸ್ ಆಗಲು ಅವನಿಗೆ ಇನ್ನೂ ಕಾಲ ಬೇಕು. ವ್ಯಾಪಾರಿಯನ್ನು ಶ್ರೂಡ್ ಎಂದರೆ ಅವನು ನಕ್ಕಾನು. ಕನ್ನಿಂಗ್ ಎಂದರೆ ಜಗಳಕ್ಕೆ ಬಂದಾನು! ಕೆಲಸದ ಅರ್ಜಿಯಲ್ಲಿ ತನ್ನನ್ನು ಹೊಗಳಿಕೊಳ್ಳಲು ಹೋಗಿ ಒಬ್ಬ ಯುವಕ ಕನ್ನಿಂಗ್ ಎಂದು ಬರೆದರೆ, ಓದಿದ ಅಧಿಕಾರಿ ಅವನನ್ನು ಸಂದರ್ಶನಕ್ಕೆ ಕರೆಯುವರೇ? ಯೋಚಿಸಿ. ಒಂದು ಪದ ಮನುಷ್ಯನ ಮಾನವನ್ನೇ ಕಳೆಯಬಲ್ಲದು.

ನೋಡುವುದರಲ್ಲಿಯೂ ಇದೇ ಸೂಕ್ಷ್ಮವಿದೆ. ಗ್ಲಾನ್ಸ್ ಎಂದರೆ ಕಣ್ಣು ಹಾಯಿಸುವುದು, ಪೀಪ್ ಎಂದರೆ ಇಣುಕುವುದು, ಗೇಜ್ ಎಂದರೆ ತನ್ಮಯರಾಗಿ ನೋಡುತ್ತ ನಿಲ್ಲುವುದು, ಸ್ಟೇರ್ ಎಂದರೆ ಎವೆಯಿಕ್ಕದೆ ದಿಟ್ಟಿಸುವುದು. ಹುಣ್ಣಿಮೆಯ ಚಂದ್ರನನ್ನು ಗೇಜ್ ಮಾಡಬಹುದು, ಗುರುಗಳನ್ನು ಸ್ಟೇರ್ ಮಾಡಬಾರದು.

ಆದ್ದರಿಂದ ಥೆಸಾರಸ್ ಬಳಸುವಾಗ ಮೂರು ಹೆಜ್ಜೆ ಇಡಿ. ಮೊದಲು ಅದರಲ್ಲಿ ಪದಗಳನ್ನು ನೋಡಿ. ನಂತರ ಇಷ್ಟವಾದ ಪದದ ಅರ್ಥವನ್ನು ಶಬ್ದಕೋಶದಲ್ಲಿ ಪರಿಶೀಲಿಸಿ. ಕೊನೆಗೆ ಒಳ್ಳೆಯ ಲೇಖಕರು ಅದನ್ನು ಯಾವ ವಾಕ್ಯದಲ್ಲಿ, ಯಾರ ಬಗ್ಗೆ ಬಳಸಿದ್ದಾರೆಂದು ಗಮನಿಸಿ. ವಾಕ್ಯದಲ್ಲಿ ಒಮ್ಮೆಯೂ ಓದದ ಪದವನ್ನು ಪರೀಕ್ಷೆಯಲ್ಲಿ ಬರೆಯಬೇಡಿ. ಗೊತ್ತಿರುವ ಸರಳ ಪದವೇ ಎಷ್ಟೋ ಮೇಲು.

ಕೊನೆಯ ದಿನಗಳು

ರೋಜೆ ತಮ್ಮ ಪುಸ್ತಕ ಮುಗಿಯಿತೆಂದು ಎಂದೂ ಭಾವಿಸಲಿಲ್ಲ. ಹೊಸ ಪದಗಳನ್ನು ಸೇರಿಸುತ್ತಲೇ ಇದ್ದರು. ಅವರ ಜೀವಿತಕಾಲದಲ್ಲೇ ಅದು 25ಕ್ಕೂ ಹೆಚ್ಚು ಬಾರಿ ಮುದ್ರಣವಾಯಿತು. 1869ರ ಸೆಪ್ಟೆಂಬರ್ 12ರಂದು, 90ನೇ ವಯಸ್ಸಿನಲ್ಲಿ, ವೆಸ್ಟ್ ಮಾಲ್ವರ್ನ್ ಎಂಬಲ್ಲಿ ಅವರು ನಿಧನರಾದರು. ಮಗ ಜಾನ್ ಲೂಯಿಸ್, ನಂತರ ಮೊಮ್ಮಗ ಸ್ಯಾಮ್ಯುಯೆಲ್ ರೊಮಿಲಿ ರೋಜೆ ಆ ಕೆಲಸ ಮುಂದುವರಿಸಿದರು. ಸೋದರಮಾವನ ಹೆಸರು ಮೊಮ್ಮಗನಲ್ಲಿ ಉಳಿಯಿತು.

ವಿದ್ಯಾರ್ಥಿ ಮಿತ್ರರೇ, ತಮ್ಮಲ್ಲಿ ಪದಗಳ ಕೊರತೆಯಿದೆ ಎಂದು ಒಪ್ಪಿಕೊಂಡು ಪಟ್ಟಿ ಬರೆಯತೊಡಗಿದ ಒಬ್ಬ ಯುವ ವೈದ್ಯರ ನೋಟ್ ಪುಸ್ತಕ ಇಂದು ಲಕ್ಷಾಂತರ ಜನರಿಗೆ ಉಪಯೋಗವಾಗುತ್ತಿದೆ. ನೀವೂ ಇಂದೇ ಒಂದು ನೋಟ್ ಪುಸ್ತಕ ಇಡಿ. ದಿನಕ್ಕೆ ಎರಡೇ ಪದ ಬರೆಯಿರಿ, ಜೊತೆಗೆ ಅವುಗಳ ನಡುವಿನ ವ್ಯತ್ಯಾಸವನ್ನು ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಒಂದು ಸಾಲಿನಲ್ಲಿ ಬರೆಯಿರಿ. ವರ್ಷದ ಕೊನೆಗೆ ಏಳುನೂರಕ್ಕೂ ಹೆಚ್ಚು ಪದಗಳು ನಿಮ್ಮ ಸ್ವಂತದ್ದಾಗಿರುತ್ತವೆ.