ಅಳತೆಯಲ್ಲಿ ಸತ್ಯ ಕಂಡ ಅನ್ನಾ ಮಣಿ

ಮಳೆಗಾಲ ಸಮೀಪಿಸಿತೆಂದರೆ ನಮ್ಮ ಪರ್ಕಳದ ಮನೆಮನೆಗಳಲ್ಲೂ ಟಿ.ವಿ.ಯ ಹವಾಮಾನ ವರದಿಗೆ ಕಿವಿಗೊಡುತ್ತೇವೆ. ಮಳೆ ಬಾರದಿದ್ದರೆ ವರದಿ ಓದಿದವರನ್ನು ಹಾಸ್ಯ ಮಾಡುತ್ತೇವೆ. ಆದರೆ ಆ ವರದಿಗೆ ಆಧಾರವಾದ ಅಂಕಿಗಳು ವಿಶ್ವಾಸಾರ್ಹವಾಗಬೇಕೆಂದು ಬಾಳು ಸವೆಸಿದವರನ್ನು ನಾವು ನೆನೆಯುವುದು ವಿರಳ. ಅಂಥವರಲ್ಲಿ ಅಗ್ರಗಣ್ಯರು ಅನ್ನಾ ಮಣಿ.

1918ರ ಆಗಸ್ಟ್ 23ರಂದು ತಿರುವಾಂಕೂರಿನ ಪೀರುಮೇಡಿನಲ್ಲಿ, ಸಿರಿಯನ್ ಕ್ರೈಸ್ತ ಮನೆತನವೊಂದರಲ್ಲಿ ಅವರು ಜನಿಸಿದರು. ಎಂಟನೆಯ ಹುಟ್ಟುಹಬ್ಬದಂದು ಮನೆಯವರು ನೀಡಬಂದ ವಜ್ರದ ಓಲೆಗಳನ್ನು ಒಲ್ಲದೆ ವಿಶ್ವಕೋಶವನ್ನು ಬೇಡಿದ ಬಾಲಕಿ ಆಕೆ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ಅಭ್ಯಸಿಸಿದ್ದು ವಜ್ರ, ಮಾಣಿಕ್ಯಗಳು ಸೂಸುವ ಬೆಳಕನ್ನೇ! ಒಂದೊಂದು ಛಾಯಾಫಲಕಕ್ಕೂ ಹಲವು ಗಂಟೆಗಳ ಕಾಲ ಬೆಳಕು ತಾಗಬೇಕಿದ್ದುದರಿಂದ ಎಷ್ಟೋ ರಾತ್ರಿಗಳನ್ನು ಪ್ರಯೋಗಾಲಯದಲ್ಲೇ ಕಳೆದರು. 1945ರಲ್ಲಿ ಪ್ರಬಂಧವನ್ನು ಸಲ್ಲಿಸಿದಾಗ, ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾನಿಲಯ ಡಾಕ್ಟರೇಟ್ ನಿರಾಕರಿಸಿತು.

ಅವರು ಕುಗ್ಗಲಿಲ್ಲ. ಲಂಡನ್ನಿಗೆ ತೆರಳಿ ಹವಾಮಾನ ಉಪಕರಣಗಳನ್ನು ಅಭ್ಯಸಿಸಿ, 1948ರಲ್ಲಿ ಹಿಂದಿರುಗಿ ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯನ್ನು ಸೇರಿದರು. ಅಂದು ಇಂತಹ ಉಪಕರಣಗಳು ಬಹುಪಾಲು ವಿದೇಶದಿಂದಲೇ ಬರಬೇಕಾಗಿತ್ತು. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಶಿಸ್ತಿಗೆ ತಂದು, ಅವು ದೇಶದಲ್ಲೇ ತಯಾರಾಗುವಂತೆ ಮಾಡಿದರು. ಬಿಸಿಲಿನ ತೀವ್ರತೆಯನ್ನು ಅಳೆಯುವ ಕೇಂದ್ರಗಳನ್ನು ಸ್ಥಾಪಿಸಿದರು. ಓಜೋನನ್ನು ಅಳೆಯುವ ಉಪಕರಣವನ್ನು ರೂಪಿಸಿದರು. 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೂ ಬೆಂಗಳೂರಿನಲ್ಲಿ ನೆಲೆಸಿ, ದೇಶದ ಗಾಳಿಯ ವೇಗವನ್ನು ಊರೂರುಗಳಲ್ಲಿ ಅಳೆಯಿಸಿದರು. ಗಾಳಿಯಿಂದ ವಿದ್ಯುತ್ ಪಡೆಯುವ ಯೋಜನೆಗಳಿಗೆ ಆ ಅಂಕಿಗಳು ದಾರಿ ತೋರಿದವು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನರಾದರು.

ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲೆಂದು ಅವರು ನಂಬಿದ್ದರು. ಈ ಮಾತನ್ನು ನಾವು ತುಸು ಚಿಂತಿಸಬೇಕು. ನಾಳೆಯ ಬಗೆಗಿನ ಊಹೆ ತಪ್ಪುವುದು ಮನುಷ್ಯನ ಮಿತಿ. ಇಂದು ಕಂಡದ್ದನ್ನು ತಪ್ಪಾಗಿ ಬರೆದಿಡುವುದು ಮನುಷ್ಯನ ದೋಷ. ಮಿತಿಗೆ ಕ್ಷಮೆಯುಂಟು, ದೋಷಕ್ಕೆ ತಿದ್ದುಪಡಿ ಬೇಕು. ಸತ್ಯವು ಧರ್ಮಪೀಠದಲ್ಲಿ ಮಾತ್ರವಲ್ಲ, ಮಳೆಮಾಪಕದ ಸಣ್ಣ ಗೆರೆಯಲ್ಲೂ ನಿಷ್ಠೆಯನ್ನು ಬೇಡುತ್ತದೆ. ಅಂಗಡಿಯ ತಕ್ಕಡಿಯಲ್ಲೂ, ನಮ್ಮ ಸಂಘಗಳ ಲೆಕ್ಕಪುಸ್ತಕದಲ್ಲೂ ಅದು ಬೇಡುವುದು ಅದನ್ನೇ. ಪದವಿ ದೊರೆಯದಿದ್ದರೂ ಅಳತೆ ತಪ್ಪದ ಈ ಮಹಿಳೆಯನ್ನು, ಮುಂದಿನ ವರದಿ ಕೇಳುವಾಗಲಾದರೂ ಕೃತಜ್ಞತೆಯಿಂದ ಸ್ಮರಿಸೋಣ.