ಭಗಿನಿ ಮಂಡಲದ ಉಮಾಬಾಯಿ

ಕಡೂರು, ತರೀಕೆರೆ, ಅಜ್ಜಂಪುರಗಳ ಪ್ರೌಢಶಾಲೆಗಳಲ್ಲಿ ಸಂಜೆಯ ಗಂಟೆ ಬಾರಿಸಿದ ಮೇಲೆ ಬಾಲಕಿಯರು ಮೈದಾನಕ್ಕೆ ಇಳಿದರೆ ಇಂದು ಯಾರೂ ಬೆರಗಾಗಿ ನಿಂತು ನೋಡುವುದಿಲ್ಲ. ಸೀಟಿಯ ಸದ್ದು ಕೇಳುತ್ತಲೇ ಅವರು ಖೋ ಖೋ ಆಟಕ್ಕೆ ಸಾಲಾಗಿ ಕುಳಿತುಕೊಳ್ಳುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಧೂಳು ಮೆತ್ತಿದ ಕಾಲುಗಳಲ್ಲಿ ಮನೆ ಸೇರುತ್ತಾರೆ. ಇದು ಬಹಳ ಹಳೆಯ ಕಾಲದಿಂದ ನಡೆದುಬಂದ ವಾಡಿಕೆಯೇನೂ ಅಲ್ಲ. ನಾನು ಅಧ್ಯಾಪಕ ವೃತ್ತಿಗೆ ಸೇರಿದ ಹೊಸದರಲ್ಲಿ, ತಾಲ್ಲೂಕು ಮಟ್ಟದ ಪಂದ್ಯಕ್ಕೆ ಮಗಳನ್ನು ಕಳುಹಿಸಿಕೊಡಬೇಕೆಂದು ಬೇಡಿ ಒಬ್ಬ ರೈತರ ಮನೆಯ ಜಗುಲಿಯ ಮೇಲೆ ಎರಡು ಸಂಜೆ ಕುಳಿತದ್ದುಂಟು. ಅವರು ಕಾಫಿ ಕೊಟ್ಟು ಉಪಚರಿಸಿದರು, ಆದರೆ ಒಪ್ಪಿಗೆ ಕೊಡಲಿಲ್ಲ. ಆ ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು.

ಕಡೂರಿನಿಂದ ಬೀರೂರು, ಅಜ್ಜಂಪುರಗಳ ಮೇಲೆ ಹಾದುಹೋಗುವ ರೈಲುದಾರಿ ಹುಬ್ಬಳ್ಳಿಯನ್ನು ಮುಟ್ಟುತ್ತದೆ. ಆ ಹುಬ್ಬಳ್ಳಿಯಲ್ಲಿದ್ದ ಒಬ್ಬ ಮಹಿಳೆ, ನೂರು ವರ್ಷಗಳ ಹಿಂದೆ, ಊರೂರು ಸುತ್ತಿ ಇಂತಹ ಜಗುಲಿಗಳನ್ನು ಹತ್ತಿದರು. ಅವರು ಕೇಳಿದ್ದು ಒಂದು ಪಂದ್ಯಕ್ಕಾಗಿ ಅಲ್ಲ, ದೇಶದ ಸೇವೆಗಾಗಿ. ಅವರೇ ಉಮಾಬಾಯಿ ಕುಂದಾಪುರ.

ಉಮಾಬಾಯಿಯವರು 1892ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ತೌರುಮನೆಯಲ್ಲಿ ಅವರ ಹೆಸರು ಭವಾನಿ. ತಂದೆ ಗೋಳಿಕೇರಿ ಕೃಷ್ಣರಾಯರು. ಆ ಕಾಲದ ಪದ್ಧತಿಯಂತೆ ಬಾಲ್ಯದಲ್ಲಿಯೇ ವಿವಾಹವಾಯಿತು. ಪತಿ ಸಂಜೀವರಾವ್ ಕುಂದಾಪುರ. ಮದುವೆಯಾದ ಹುಡುಗಿಯ ಓದು ಅಲ್ಲಿಗೆ ಮುಗಿಯಿತೆಂದೇ ಜನ ತಿಳಿಯುತ್ತಿದ್ದ ದಿನಗಳವು. ಆದರೆ ಅವರ ಮಾವ ಆನಂದರಾಯರು ಬೇರೆ ಬಗೆಯ ಮನುಷ್ಯರು. ಹೆಂಗಸರು ಓದಬೇಕು, ಹೊರಗೆ ಬಂದು ಕೆಲಸ ಮಾಡಬೇಕು ಎಂದು ನಂಬಿದ್ದ ಅವರು ಆ ನಂಬಿಕೆಯನ್ನು ಭಾಷಣಕ್ಕೆ ಮೀಸಲಿಡದೆ ತಮ್ಮ ಮನೆಯ ಸೊಸೆಯಿಂದಲೇ ಆರಂಭಿಸಿದರು. ಮುಂಬಯಿಯಲ್ಲಿ ಉಮಾಬಾಯಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮಾವನವರೊಡನೆ ಗಾಂವದೇವಿ ಮಹಿಳಾ ಸಮಾಜದಲ್ಲಿ ಇತರ ಹೆಂಗಸರಿಗೆ ಪಾಠ ಹೇಳತೊಡಗಿದರು. 1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ಮುಂಬಯಿಯಲ್ಲಿಯೇ ನಿಧನರಾದರು. ಅಲ್ಲಿಂದ ಮುಂದೆ ಉಮಾಬಾಯಿಯವರ ಮನಸ್ಸು ರಾಷ್ಟ್ರೀಯ ಚಳವಳಿಯ ಕಡೆಗೆ ಪೂರ್ತಿಯಾಗಿ ಹರಿಯಿತು.

ಕ್ಷಯರೋಗದಿಂದ ಪತಿ ಅಕಾಲದಲ್ಲಿ ತೀರಿಕೊಂಡರು. ಎಳೆಯ ವಯಸ್ಸಿನ ವಿಧವೆಗೆ ಅಂದಿನ ಸಮಾಜ ತೋರಿಸುತ್ತಿದ್ದುದು ಮನೆಯ ಹಿತ್ತಿಲ ಕೋಣೆಯನ್ನು. ಆನಂದರಾಯರಾದರೋ ಸೊಸೆಯನ್ನು ಹುಬ್ಬಳ್ಳಿಗೆ ಕರೆತಂದು, ಅಲ್ಲಿ ಕರ್ನಾಟಕ ಪ್ರೆಸ್ ಎಂಬ ಮುದ್ರಣಾಲಯವನ್ನು ತೆರೆದರು. ಹೆಣ್ಣುಮಕ್ಕಳ ಶಾಲೆಯಾದ ತಿಲಕ ಕನ್ಯಾಶಾಲೆಯ ಹೊಣೆ ಉಮಾಬಾಯಿಯವರ ಪಾಲಿಗೆ ಬಂತು. ನನಗೆ ತೋರುವಂತೆ, ಸೊಸೆಯಷ್ಟೇ ಮಾವನವರೂ ನಮ್ಮ ನೆನಪಿನಲ್ಲಿ ಉಳಿಯಬೇಕಾದವರು.

ಅದೇ ಹುಬ್ಬಳ್ಳಿಯಲ್ಲಿ ಡಾಕ್ಟರ್ ನಾ. ಸು. ಹರ್ಡೀಕರರಿದ್ದರು. ಅಮೆರಿಕದಲ್ಲಿ ವ್ಯಾಸಂಗ ಮಾಡಿ, ಅಲ್ಲಿ ಲಾಲಾ ಲಜಪತರಾಯರೊಡನೆ ದುಡಿದು ಬಂದವರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಹುಬ್ಬಳ್ಳಿಯ ಸ್ವಯಂಸೇವಕರು ಕ್ಷಮಾಪಣೆ ಬರೆದುಕೊಡಲು ಒಪ್ಪದೆ ಶಿಕ್ಷೆಯನ್ನು ಅನುಭವಿಸಿದರು. ಇಂತಹ ಶಿಸ್ತಿನ ಪಡೆ ದೇಶಕ್ಕೆಲ್ಲ ಬೇಕೆಂಬ ವಿಚಾರದಿಂದ ಅದೇ ವರ್ಷ ಕಾಕಿನಾಡದಲ್ಲಿ ಹಿಂದೂಸ್ಥಾನಿ ಸೇವಾದಳ ಹುಟ್ಟಿತು. ಕವಾಯತು, ವ್ಯಾಯಾಮ, ಶಿಬಿರಜೀವನ ಇವು ದಳದ ಶಿಕ್ಷಣ. ಸೇರಿದವರಿಗೆ ಸಂಬಳವಿಲ್ಲ. ದಳದ ಮಹಿಳಾ ವಿಭಾಗದ ನಾಯಕತ್ವವನ್ನು ವಹಿಸಲು ಹರ್ಡೀಕರರು ಉಮಾಬಾಯಿಯವರನ್ನು ಕರೆದರು. ಹೆಂಗಸರ ಸಂಘಟನೆಗಾಗಿ ಉಮಾಬಾಯಿಯವರು ಸ್ಥಾಪಿಸಿದ ಸಂಸ್ಥೆಯೇ ಭಗಿನಿ ಮಂಡಲ.

ಮರುವರ್ಷವೇ ಪರೀಕ್ಷೆಯ ಕಾಲ ಒದಗಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ. ಮಹಾತ್ಮ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ದೇಶದ ಮೂಲೆಮೂಲೆಗಳಿಂದ ಬರುವ ಸಾವಿರಾರು ಜನರ ಊಟ, ವಸತಿ, ಸ್ವಚ್ಛತೆಗಳನ್ನು ಸ್ವಯಂಸೇವಕರೇ ನೋಡಿಕೊಳ್ಳಬೇಕು. ಅವರಲ್ಲಿ ಹೆಂಗಸರೂ ಇರಬೇಕಲ್ಲವೆ? ಅವರನ್ನು ತರುವುದೆಲ್ಲಿಂದ? ಆಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಹುಬ್ಬಳ್ಳಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ನಮ್ಮ ಕಡೂರು ಮೈಸೂರು ಸಂಸ್ಥಾನದಲ್ಲಿತ್ತು. ಮನೆಯ ಹೊಸಿಲು ದಾಟಿದ ಹೆಣ್ಣನ್ನು ನೆರೆಹೊರೆಯವರು ಆಡಿಕೊಳ್ಳುವ ರೀತಿ ಮಾತ್ರ ಎಲ್ಲ ಕಡೆಯೂ ಒಂದೇ ಆಗಿತ್ತು.

ಉಮಾಬಾಯಿ ಪ್ರಾಂತವನ್ನೆಲ್ಲ ಸಂಚರಿಸಿದರು. ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಟ್ಟರೆ ಹೆಣ್ಣುಮಕ್ಕಳು ಬಂದು ಸೇರುವ ಕಾಲವಲ್ಲ ಅದು. ತಂದೆ ಒಪ್ಪಬೇಕು, ಗಂಡ ಒಪ್ಪಬೇಕು, ಎಲ್ಲಕ್ಕಿಂತ ಮಿಗಿಲಾಗಿ ಮನೆಯ ಹಿರಿಯ ಹೆಂಗಸರು ಒಪ್ಪಬೇಕು. ಹಾಗೆ ಕೇಳಲು ಬಂದವರು ಸ್ವತಃ ವಿಧವೆ; ಶುಭಕಾರ್ಯಗಳಲ್ಲಿ ಎದುರಾದರೆ ಜನ ಮುಖ ತಿರುಗಿಸುತ್ತಿದ್ದಂತಹ ವರ್ಗಕ್ಕೆ ಸೇರಿದವರು. ಆದರೂ 150ಕ್ಕೂ ಹೆಚ್ಚು ಮಹಿಳೆಯರು ಅವರ ಹಿಂದೆ ಬೆಳಗಾವಿಗೆ ಬಂದರು. ಅವರಲ್ಲಿ ವಿಧವೆಯರೂ ಇದ್ದರು. ಹಿತ್ತಿಲ ಕೋಣೆಯಿಂದ ಎದ್ದು ಬಂದು, ಎಲ್ಲರ ಕಣ್ಣೆದುರು ಸೇವಿಕೆಯರ ಸಾಲಿನಲ್ಲಿ ನಿಲ್ಲಲು ಅವರಿಗೆ ಎಷ್ಟು ಧೈರ್ಯ ಬೇಕಾಗಿರಬಹುದೆಂಬುದನ್ನು ವಿದ್ಯಾರ್ಥಿಗಳು ಊಹಿಸಿಕೊಳ್ಳಬೇಕು. ಮುಂದೆ ದೊಡ್ಡ ಗಾಯಕಿಯಾದ ಗಂಗೂಬಾಯಿ ಹಾನಗಲ್ಲರು ಬಾಲಕಿಯಾಗಿ ಹಾಡಿದ್ದೂ ಅದೇ ಅಧಿವೇಶನದಲ್ಲಿ.

1932ರಲ್ಲಿ ಸರ್ಕಾರ ಉಮಾಬಾಯಿಯವರನ್ನು ಬಂಧಿಸಿತು. ಯರವಡಾ ಸೆರೆಮನೆಯಲ್ಲಿ ಅವರು ನಾಲ್ಕು ತಿಂಗಳು ಕಳೆದರು. ಒಳಗಿರುವಾಗಲೇ ಆನಂದರಾಯರು ತೀರಿಕೊಂಡ ಸುದ್ದಿ ಬಂತು. ತಂದೆಗಿಂತ ಹೆಚ್ಚಾಗಿ ಕೈಹಿಡಿದು ನಡೆಸಿದವರ ಕೊನೆಯ ದರ್ಶನವೂ ಆಗಲಿಲ್ಲ. ಜೊತೆಯಲ್ಲಿ ಸೆರೆವಾಸದಲ್ಲಿದ್ದ ಸರೋಜಿನಿ ನಾಯ್ಡು ಅವರು ಸಂತೈಸಿದರು. ಬಿಡುಗಡೆಯಾಗಿ ಹುಬ್ಬಳ್ಳಿಗೆ ಬಂದು ನೋಡಿದರೆ ಮುದ್ರಣಾಲಯವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತ್ತು, ಕನ್ಯಾಶಾಲೆಗೆ ಬೀಗಮುದ್ರೆ ಬಿದ್ದಿತ್ತು, ಭಗಿನಿ ಮಂಡಲ ಕಾನೂನುಬಾಹಿರವೆಂದು ಘೋಷಿತವಾಗಿತ್ತು. ಉಳಿದದ್ದು ಒಂದು ಚಿಕ್ಕ ಮನೆ. ಸೆರೆಯಿಂದ ಬಿಡುಗಡೆಯಾಗಿ, ಊರಿಗೆ ಹೋಗಲು ದಾರಿಯ ಖರ್ಚಿಗೂ ಗತಿಯಿಲ್ಲದ ಹೆಂಗಸರಿಗೆ ಆ ಮನೆಯೇ ಆಶ್ರಯವಾಯಿತು. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೀಕರ ಭೂಕಂಪವಾದಾಗ ಉಮಾಬಾಯಿ ಸ್ವಯಂಸೇವಕರೊಡನೆ ಅಲ್ಲಿಗೆ ಹೋಗಿ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. 1942ರ ಚಳವಳಿಯ ಕಾಲದಲ್ಲಿ ಭೂಗತರಾಗಿದ್ದ ಕಾರ್ಯಕರ್ತರು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಅವರ ಮನೆಯಲ್ಲಿ ಊಟ ಮಾಡಿ ಹೋಗುತ್ತಿದ್ದರು.

1946ರಲ್ಲಿ ಗಾಂಧೀಜಿಯವರು ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯ ಹೊಣೆಯನ್ನು ಅವರಿಗೆ ಒಪ್ಪಿಸಿದರು. ಹಳ್ಳಿಯ ಹೆಣ್ಣುಮಕ್ಕಳನ್ನು ಗ್ರಾಮಸೇವಿಕೆಯರನ್ನಾಗಿ ತರಬೇತುಗೊಳಿಸುವ ಕೆಲಸ ಅದು. ಹಣದ ಅಭಾವ ಒದಗಿದಾಗ ಉಮಾಬಾಯಿ ಮನೆಮನೆಗೆ ಹೋಗಿ ಚಂದಾ ಎತ್ತಿದರು. ಜಗುಲಿ ಹತ್ತುವುದು ಅವರಿಗೆ ಹೊಸದಲ್ಲವಷ್ಟೆ.

ಸ್ವಾತಂತ್ರ್ಯ ಬಂದ ಮೇಲೆ ಅವರು ಯಾವ ಅಧಿಕಾರವನ್ನೂ ಬಯಸಲಿಲ್ಲ. ಸ್ವಾತಂತ್ರ್ಯ ಹೋರಾಟಗಾರರಿಗೆ ಸರ್ಕಾರ ಕೊಡುವ ತಾಮ್ರಪತ್ರವನ್ನು ಸಹ ಸ್ವೀಕರಿಸಲಿಲ್ಲ. ಬೆಳಗಾವಿಯ ಆ 150 ಮಂದಿಯಲ್ಲಿ ಎಷ್ಟೋ ಜನರ ಹೆಸರು ಇಂದು ಯಾರ ನೆನಪಿನಲ್ಲಿಯೂ ಇಲ್ಲದಿರುವಾಗ, ಅವರ ನಾಯಕಿ ಪದಕವಿಲ್ಲದೆ ಉಳಿದುದು ಉಚಿತವೇ ಆಯಿತೆಂದು ನನಗೆ ಕೆಲವೊಮ್ಮೆ ಅನ್ನಿಸುತ್ತದೆ. 1992ರಲ್ಲಿ, ನೂರರ ಹೊಸಿಲಲ್ಲಿ, ಉಮಾಬಾಯಿ ಹುಬ್ಬಳ್ಳಿಯ ತಮ್ಮ ಚಿಕ್ಕ ಮನೆಯಲ್ಲಿ ಕಣ್ಣುಮುಚ್ಚಿದರು. ಆ ಮನೆಗೆ ಇದ್ದ ಹೆಸರು ಆನಂದ ಸ್ಮೃತಿ, ಮಾವನವರ ನೆನಪಿನದು.