ಲೆಕ್ಕವಿಟ್ಟು ಬಾಳಿದ ಥೋರೋ

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಟ್ರೇಸಿ ಫುಲ್ಲರ್ಟನ್ ಎಂಬ ವಿದುಷಿಯು ತಮ್ಮ ಸಂಗಡಿಗರೊಡನೆ ಸುಮಾರು ಹತ್ತು ವರ್ಷ ದುಡಿದು 2017ರಲ್ಲಿ ಒಂದು ವಿಡಿಯೋ ಆಟವನ್ನು ಹೊರತಂದರು. ಇಂಥ ಆಟಗಳೆಂದರೆ ಗುಂಡು ಹಾರಿಸುವುದು, ಬೆನ್ನಟ್ಟುವುದು, ಅಂಕ ಗಳಿಸುವುದು ಎಂದೇ ನಾವು ಬಗೆದಿದ್ದೆವು. ಈ ಆಟದಲ್ಲಾದರೋ ಶತ್ರುವೂ ಇಲ್ಲ, ಪಂದ್ಯವೂ ಇಲ್ಲ. ಆಡುವವನು ಒಂದು ಕೊಳದ ದಡದಲ್ಲಿ ಅರೆಕಟ್ಟಿದ ಗುಡಿಸಲನ್ನು ಪೂರೈಸಿ, ಬೀನ್ಸ್ ಬಿತ್ತಿ, ಮೀನು ಹಿಡಿದು, ಸೌದೆ ಕೂಡಿಹಾಕಿ, ಹರಿದ ಬಟ್ಟೆಯನ್ನು ಹೊಲಿದುಕೊಂಡು ಒಂದು ವರ್ಷ ಬದುಕಬೇಕು. ಆ ವರ್ಷವು ಗಡಿಯಾರದ ಸುಮಾರು ಆರು ಗಂಟೆಗಳಲ್ಲಿ ಕಳೆಯುವುದು. ದುಡಿಯದೆ ಕುಳಿತವನು ಬಳಲಿ ಮೂರ್ಛೆ ಹೋಗುತ್ತಾನೆ. ದುಡಿಮೆಯೊಂದನ್ನೇ ಹಚ್ಚಿಕೊಂಡವನ ಕಣ್ಣಿಗೆ ಆ ಕಾಡೇ ಬಣ್ಣಗೆಟ್ಟು ಮಂಕಾಗುತ್ತದೆ; ಹಕ್ಕಿಯ ದನಿಗೆ ಕಿವಿಗೊಟ್ಟು, ಒಂದು ಪುಸ್ತಕವನ್ನು ತೆರೆದು ಅರೆಗಳಿಗೆ ನಿಂತರೆ ಬಣ್ಣವು ಮರಳುತ್ತದೆ. ಬೆಳಗಿನ ಜಾವ ಇಡ್ಲಿಯ ಹಬೆಯ ಮುಂದೆ ನಿಂತು ರಾತ್ರಿ ಬಾಗಿಲೆಳೆಯುವವರೆಗೂ ಕೂಡದ ನಮ್ಮ ಬಂಧುಗಳಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಟದ ಹೆಸರು ವಾಲ್ಡನ್. ಅದು ಕಲ್ಪನೆಯ ಕಥೆಯಲ್ಲ. ಹೆನ್ರಿ ಡೇವಿಡ್ ಥೋರೋ ಎಂಬವನು ಹಿಂದೆ ನಿಜವಾಗಿ ಬಾಳಿ ತೋರಿಸಿದ್ದನ್ನೇ ಅನುಸರಿಸಿದ್ದು. ಅವನು ಹುಟ್ಟಿ 200 ವರ್ಷ ತುಂಬಿದ ವರ್ಷದಲ್ಲಿಯೇ ಆಟವು ಪ್ರಕಟವಾಯಿತು. ಆ ಮನುಷ್ಯನ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡಬೇಕೆಂದು ನಾವು ಬಹುದಿನದಿಂದ ಎಣಿಸಿದ್ದೆವು.

ಥೋರೋ 1817ರ ಜುಲೈ 12ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಕಾಂಕರ್ಡ್ ಎಂಬ ಊರಿನಲ್ಲಿ ಜನಿಸಿದನು. ತಂದೆಯು ಒಂದೆರಡು ವ್ಯಾಪಾರಗಳಲ್ಲಿ ಕೈಸುಟ್ಟುಕೊಂಡು ಕಡೆಗೆ ಸೀಸದ ಕಡ್ಡಿ ತಯಾರಿಸುವ ಕಸುಬಿನಲ್ಲಿ ನೆಲೆನಿಂತನು. ತಾಯಿಯು ಮನೆಯಲ್ಲಿ ಊಟದವರನ್ನಿಟ್ಟುಕೊಂಡು ಸಂಸಾರದ ಕೊರತೆಯನ್ನು ತುಂಬುತ್ತಿದ್ದಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ಖಾನಾವಳಿ. ನಾಲ್ವರು ಮಕ್ಕಳಲ್ಲಿ ಹೆನ್ರಿ ಮೂರನೆಯವನು. ಮನೆಯವರೆಲ್ಲ ಕೈಲಾದಷ್ಟು ಕೂಡಿಸಿ ಅವನನ್ನು ಹಾರ್ವರ್ಡ್ ಕಾಲೇಜಿಗೆ ಕಳುಹಿದರು. 1837ರಲ್ಲಿ ಅವನು ಪದವೀಧರನಾಗಿ ಊರಿಗೆ ಮರಳಿದನು.

ಊರ ಶಾಲೆಯಲ್ಲಿ ಉಪಾಧ್ಯಾಯ ಪದವಿಯು ದೊರೆಯಿತು. ಎರಡೇ ವಾರಗಳಲ್ಲಿ ಅದು ಕೈಬಿಟ್ಟಿತು. ಹುಡುಗರನ್ನು ಹೊಡೆಯದೆ ಪಾಠ ಹೇಳುವವನೆಂದು ಮೇಲಿನವರು ಆಕ್ಷೇಪಿಸಿದರು. ಅವನು ಅಪ್ಪಣೆಯನ್ನು ಪಾಲಿಸುವಂತೆ ಕೆಲವರನ್ನು ಕರೆದು ಹೊಡೆದು, ಅದೇ ದಿನ ರಾಜೀನಾಮೆಯನ್ನಿತ್ತನು. ಕಾರಣವೇ ಇಲ್ಲದೆ ಏಟು ತಿಂದ ಆ ಹುಡುಗರ ಕಡೆಯಿಂದ ನೋಡಿದರೆ ಈ ಪ್ರತಿಭಟನೆಯು ಅಷ್ಟೇನೂ ಸೊಗಸಾಗಿ ಕಾಣದು. ಬಳಿಕ ಅಣ್ಣನಾದ ಜಾನನೊಡನೆ ತಾನೇ ಒಂದು ಶಾಲೆಯನ್ನು ನಡೆಸಿದನು. ಅಲ್ಲಿ ಬೆತ್ತವಿರಲಿಲ್ಲ, ಮಕ್ಕಳನ್ನು ಹೊಲಗಾಡುಗಳಲ್ಲಿ ಅಡ್ಡಾಡಿಸುವುದೂ ಪಾಠವಾಗಿದ್ದಿತು.

ಈ ಜಾನನ ವಿಚಾರವನ್ನು ತುಸು ನಿಧಾನವಾಗಿ ಹೇಳಬೇಕು. ಅಣ್ಣತಮ್ಮಂದಿರಿಬ್ಬರೂ ಒಂದೇ ಜೀವವೆಂಬಂತಿದ್ದರು. 1839ರಲ್ಲಿ ತಾವೇ ಕಟ್ಟಿದ ದೋಣಿಯಲ್ಲಿ ಕಾಂಕರ್ಡ್ ಮತ್ತು ಮೆರಿಮ್ಯಾಕ್ ನದಿಗಳ ಮೇಲೆ ಸಂಚಾರ ಮಾಡಿಬಂದರು. ಇಬ್ಬರೂ ಎಲೆನ್ ಸ್ಯೂಆಲ್ ಎಂಬ ಒಬ್ಬಳೇ ಕನ್ಯೆಯನ್ನು ಮೆಚ್ಚಿ, ಒಬ್ಬನಾದ ಮೇಲೊಬ್ಬನು ಕೇಳಿದರು; ಇಬ್ಬರಿಗೂ ಆಕೆ ಒಲ್ಲೆನೆಂದಳು. ಅದರಿಂದಲೂ ಅವರ ಸ್ನೇಹವು ಕೆಡಲಿಲ್ಲ. 1842ರ ಜನವರಿ ತಿಂಗಳು ಕ್ಷೌರದ ಕತ್ತಿಯನ್ನು ಮಸೆಯುತ್ತಿದ್ದಾಗ ಜಾನನ ಬೆರಳಿಗೆ ಸಣ್ಣ ಗಾಯವಾಯಿತು. ಅದು ಧನುರ್ವಾಯುವಿಗೆ ತಿರುಗಿ ಕೆಲವೇ ದಿನಗಳಲ್ಲಿ ಅವನು ತಮ್ಮನ ತೋಳಿನಲ್ಲಿ ಪ್ರಾಣಬಿಟ್ಟನು. ಗಾಯವೇ ಇಲ್ಲದ ಹೆನ್ರಿಗೂ ದುಃಖದಿಂದ ಅದೇ ರೋಗದ ಲಕ್ಷಣಗಳು ಕಾಣಿಸಿಕೊಂಡು ಮನೆಯವರು ಅವನ ಆಸೆಯನ್ನೂ ಬಿಟ್ಟಿದ್ದರು. ಅವನು ಉಳಿದನು, ಆದರೆ ಮುಂದೆ ಮದುವೆಯನ್ನು ಮಾಡಿಕೊಳ್ಳಲಿಲ್ಲ. ಅಣ್ಣನ ಆ ದೋಣಿಯ ಸಂಚಾರವನ್ನು ಪುಸ್ತಕವಾಗಿ ಬರೆಯಬೇಕೆಂಬ ಹಂಬಲವೊಂದು ಅವನ ಮನಸ್ಸಿನಲ್ಲಿ ಬೇರೂರಿತು. ಅವನು ಕಾಡಿಗೆ ಹೋದದ್ದೇತಕ್ಕೆಂದು ಪಂಡಿತರು ಬಗೆಬಗೆಯಾಗಿ ವಿವರಿಸಿದ್ದಾರೆ. ಮಡಿದ ಅಣ್ಣನ ಪುಸ್ತಕವನ್ನು ಬರೆಯಲು ಸದ್ದಿಲ್ಲದ ಒಂದು ಕೋಣೆ ಬೇಕಾಗಿದ್ದಿತೆಂಬುದೇ ನಮಗೆ ಮುಖ್ಯವಾಗಿ ಕಾಣುವ ಕಾರಣ. ಒಂದೇ ಕೋಣೆಯಲ್ಲಿ ಎಂಟು ಮಂದಿ ಮಲಗುವವರಿಗೆ ಇದು ಅರ್ಥವಾಗದ ಸಂಗತಿಯಲ್ಲ.

ಕಾಡಿಗೆ ಹೋಗುವ ಮುನ್ನ ಅವನಿಂದ ಕಾಡಿಗೆ ಒಂದು ಅಪಕಾರವೂ ನಡೆಯಿತು. 1844ರ ವಸಂತದಲ್ಲಿ ಗೆಳೆಯನೊಡನೆ ಮೀನು ಸುಡಲೆಂದು ಹಚ್ಚಿದ ಬೆಂಕಿಯು ಒಣಹುಲ್ಲಿಗೆ ತಗಲಿ ಸುಮಾರು 300 ಎಕರೆ ಕಾಡನ್ನು ಸುಟ್ಟಿತು. ಊರವರು ಇದನ್ನು ಬಹುಕಾಲ ಮರೆಯಲಿಲ್ಲ. ಪ್ರಕೃತಿಯ ಋಷಿಯೆಂದು ಅವನನ್ನು ಹೊಗಳುವವರು ಈ ಸಂಗತಿಯನ್ನು ಬಿಟ್ಟುಬಿಡುವುದುಂಟು, ಬಿಡುವುದು ನ್ಯಾಯವಲ್ಲ.

ಊರಿನ ಪ್ರಸಿದ್ಧ ತತ್ತ್ವಜ್ಞನಾದ ಎಮರ್ಸನ್ನನು ಥೋರೋವಿಗೆ ಹಿರಿಯ ಮಿತ್ರನು. ಅವನ ಮನೆಯಲ್ಲಿ ಥೋರೋ ಎರಡು ವರ್ಷ ತೋಟದ ಕೆಲಸ, ಮನೆಗೆಲಸಗಳನ್ನು ಮಾಡಿಕೊಂಡಿದ್ದನು. ಎಮರ್ಸನ್ನನು ವಾಲ್ಡನ್ ಕೊಳದ ದಡದಲ್ಲಿ ಕೊಂಡ ನೆಲದಲ್ಲಿ ಮನೆ ಕಟ್ಟಲು ಅನುಮತಿ ದೊರೆಯಿತು. 1845ರ ಮಾರ್ಚಿನಲ್ಲಿ ಎರವಲು ತಂದ ಕೊಡಲಿಯಿಂದ ಪೈನ್ ಮರಗಳನ್ನು ಕಡಿದು ಕೆಲಸವನ್ನಾರಂಭಿಸಿದನು. ಕೊಡಲಿಯನ್ನು ಹಿಂದಿರುಗಿಸುವಾಗ ತಂದಾಗಿದ್ದುದಕ್ಕಿಂತ ಹರಿತ ಮಾಡಿ ಕೊಟ್ಟನಂತೆ. ಕೊಳದ ಪಕ್ಕದಲ್ಲಿ ಆಗತಾನೆ ರೈಲುಹಾದಿ ಹಾಯ್ದಿದ್ದಿತು. ಆ ಹಾದಿಯಲ್ಲಿ ದುಡಿದ ಐರಿಷ್ ಕೂಲಿಯೊಬ್ಬನ ಗುಡಿಸಲನ್ನು 4 ಡಾಲರು 25 ಸೆಂಟಿಗೆ ಕೊಂಡು, ಕಳಚಿ, ಹಲಗೆಗಳನ್ನು ಹೊತ್ತು ತಂದನು. ಆ ಕೂಲಿಯ ಸಂಸಾರವು ತನ್ನ ಸರ್ವಸ್ವವನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಮುಂಜಾನೆ ಹೊರಟುಹೋಯಿತು. ಬೇರೆಯ ದೇಶದಿಂದ ಹೊಟ್ಟೆಪಾಡಿಗೆ ಬಂದ ಆ ಜನರು ಮುಂದೇನಾದರೆಂಬುದು ಥೋರೋವಿನ ಪುಸ್ತಕದಲ್ಲಿಲ್ಲ.

ಮನೆಯು 15 ಅಡಿ ಉದ್ದ, 10 ಅಡಿ ಅಗಲ. ಒಂದು ಮಂಚ, ಒಂದು ಮೇಜು, ಬರೆಯುವ ಮಣೆ, ಮೂರು ಕುರ್ಚಿ. 1000 ಹಳೆಯ ಇಟ್ಟಿಗೆಗೆ 4 ಡಾಲರು, ಹಳೆಯ ಕಿಟಕಿಗಳೆರಡಕ್ಕೆ 2 ಡಾಲರು 43 ಸೆಂಟು, ಮೊಳೆಗೆ 3 ಡಾಲರು 90 ಸೆಂಟು. ಎಲ್ಲ ಕೂಡಿ 28 ಡಾಲರು ಹನ್ನೆರಡೂವರೆ ಸೆಂಟು. ಹಾರ್ವರ್ಡಿನಲ್ಲಿ ವಿದ್ಯಾರ್ಥಿಯೊಬ್ಬನು ಒಂದು ವರ್ಷಕ್ಕೆ ತೆರುತ್ತಿದ್ದ ಕೋಣೆಯ ಬಾಡಿಗೆಯೇ 30 ಡಾಲರು. ಲೆಡ್ಜರು ಬರೆಯುವ ನಮ್ಮ ಗುಮಾಸ್ತರು ಅವನ ಪುಸ್ತಕದ ಮೊದಲನೆಯ ಅಧ್ಯಾಯವನ್ನು ನೋಡಿದರೆ ತಮ್ಮವನೊಬ್ಬನು ಸಿಕ್ಕಿದನೆಂದು ಹಿಗ್ಗುವರು. ಅರ್ಧ ಸೆಂಟನ್ನೂ ಬಿಡದೆ ಅಲ್ಲಿ ಜಮಾಖರ್ಚು ಬರೆದಿದೆ.

1845ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯೋತ್ಸವದ ದಿನ, ಅವನು ಆ ಮನೆಯನ್ನು ಹೊಕ್ಕನು. ಎರಡೂವರೆ ಎಕರೆಯಲ್ಲಿ ಹೆಚ್ಚಾಗಿ ಬೀನ್ಸನ್ನೂ, ಸ್ವಲ್ಪ ಆಲೂಗಡ್ಡೆ, ಜೋಳಗಳನ್ನೂ ಬೆಳೆದನು. ಮೊದಲ ವರ್ಷದ ಹುಟ್ಟುವಳಿ 23 ಡಾಲರು 44 ಸೆಂಟು. ಖರ್ಚು ಕಳೆದು ಉಳಿದದ್ದು 8 ಡಾಲರು ಎಪ್ಪತ್ತೊಂದೂವರೆ ಸೆಂಟು. ಎಂಟು ತಿಂಗಳ ಊಟಕ್ಕೆ ಕೈಯಿಂದ ಕೊಟ್ಟದ್ದು 8 ಡಾಲರು 74 ಸೆಂಟು. ಭೂಮಾಪನ, ಬಡಗಿಕೆಲಸ, ಕೂಲಿ ಇವುಗಳಿಂದ ಉಳಿದುದನ್ನು ಸಂಪಾದಿಸಿಕೊಂಡನು. ತಾನು ಬೆಳೆದ ಬೀನ್ಸನ್ನು ಮಾರಿ ಅಕ್ಕಿ ತರುತ್ತಿದ್ದನೆಂಬುದೂ, ಭಾರತದ ತತ್ತ್ವವನ್ನು ಮೆಚ್ಚಿದವನಿಗೆ ಅನ್ನವೇ ತಕ್ಕ ಆಹಾರವೆಂದು ವಿನೋದಪಡುತ್ತಿದ್ದನೆಂಬುದೂ ನಮ್ಮ ಅನ್ನದ ನಾಡಿನವರಿಗೆ ರುಚಿಸುವ ಸಂಗತಿ. ವರ್ಷದಲ್ಲಿ ಸುಮಾರು ಆರು ವಾರ ದುಡಿದರೆ ಒಬ್ಬನ ಹೊಟ್ಟೆಬಟ್ಟೆಗೆ ಸಾಕೆಂಬುದು ಅವನು ಕಂಡುಕೊಂಡ ಲೆಕ್ಕ.

ಒಬ್ಬನ ಹೊಟ್ಟೆಬಟ್ಟೆಗೆ ಎಂಬ ಮಾತನ್ನು ನಾವು ಗಮನಿಸಬೇಕು. ಊರಿನಲ್ಲಿ ತಾಯಿತಂದೆಗಳನ್ನೂ, ಮದುವೆಗೆ ಬಂದ ತಂಗಿಯನ್ನೂ, ಅಡವಿಟ್ಟ ಗದ್ದೆಯನ್ನೂ ಬಿಟ್ಟುಬಂದು ತಿಂಗಳು ತಿಂಗಳೂ ಹಣ ಕಳುಹಿಸುವವನಿಗೆ ಆರು ವಾರದ ಲೆಕ್ಕವು ಕೂಡುವುದಿಲ್ಲ. ಥೋರೋವಿನ ತಾಯಿಯ ಮನೆಯು ಕೊಳದಿಂದ ಅರ್ಧ ಗಂಟೆಯ ನಡಿಗೆಯಷ್ಟೇ ದೂರ; ಅವನು ಆಗಾಗ ಅಲ್ಲಿಗೆ ಹೋಗಿ ಉಂಡು ಬರುತ್ತಿದ್ದನು. ಇದನ್ನೆತ್ತಿ ಅವನನ್ನು ಕಪಟಿಯೆಂದು ಹಳಿಯುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ತಾಯಿಯ ಮನೆಗೆ ಊಟಕ್ಕೆ ಹೋಗುವುದು ಕಪಟವಾದರೆ ಜಗತ್ತಿನಲ್ಲಿ ಪ್ರಾಮಾಣಿಕನಾರು? ಆದರೆ ಅವನ ಲೆಕ್ಕವು ಬೆನ್ನ ಮೇಲೆ ಸಂಸಾರವಿಲ್ಲದವನ ಲೆಕ್ಕವೆಂಬುದನ್ನು ಅವನ ಭಕ್ತರು ಮರೆಯಬಾರದು.

1846ರ ಜುಲೈನಲ್ಲಿ ದುರಸ್ತಿಗೆ ಕೊಟ್ಟ ಜೋಡನ್ನು ತರಲು ಊರಿಗೆ ಬಂದಾಗ ಅವನನ್ನು ಹಿಡಿದು ಸೆರೆಮನೆಗೆ ಹಾಕಿದರು. ಹಲವು ವರ್ಷಗಳಿಂದ ಅವನು ತಲೆಗಂದಾಯವನ್ನು ಕೊಟ್ಟಿರಲಿಲ್ಲ. ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳಲು ಬಿಟ್ಟು, ಮೆಕ್ಸಿಕೋ ದೇಶದ ಮೇಲೆ ಯುದ್ಧ ಹೂಡಿದ ಸರಕಾರಕ್ಕೆ ತನ್ನ ಹಣವು ಸಲ್ಲಬಾರದೆಂಬುದು ಅವನ ನಿಲುವು. ರಾತ್ರಿ ಯಾರೋ ಬಂದು ಬಾಕಿಯನ್ನು ಕಟ್ಟಿದರು, ಸೋದರತ್ತೆಯಿರಬೇಕೆಂದು ನಂಬಿಕೆ. ಬೆಳಿಗ್ಗೆ ಬಿಡುಗಡೆಯಾದಾಗ ಅವನಿಗೆ ಬಂದದ್ದು ಸಂತೋಷವಲ್ಲ, ಸಿಟ್ಟು. ಬಳಿಕ ಜೋಡನ್ನು ಮೆಟ್ಟಿಕೊಂಡು ಹಣ್ಣು ಬಿಡಿಸಲು ಗುಡ್ಡಕ್ಕೆ ಹೋದನು. ಆ ಒಂದು ರಾತ್ರಿಯಿಂದ ಹುಟ್ಟಿದ ಪ್ರಬಂಧವು 1849ರಲ್ಲಿ ಅಚ್ಚಾಯಿತು. 1907ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರು ಅದರ ಸಾರವನ್ನು ತಮ್ಮ ಇಂಡಿಯನ್ ಒಪೀನಿಯನ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಸತ್ಯಾಗ್ರಹದ ಭಾವನೆಯು ತಮಗೆ ಅಲ್ಲಿಂದ ಬಂದುದಲ್ಲವೆಂದು ಅವರೇ ಸ್ಪಷ್ಟಪಡಿಸಿದ್ದಾರೆ. ತಮ್ಮ ನಡೆಗೆ ಅದರಿಂದ ಬೆಂಬಲ ದೊರೆಯಿತೆಂಬುದನ್ನೂ ಮುಚ್ಚಿಡಲಿಲ್ಲ. ಅವರ ಮಾತನ್ನು ಕೇಳಿ 1930ರ ದಶಕದ ಆರಂಭದಲ್ಲಿ ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆ ಮಾಡಿ ಭೂಮಿಯನ್ನು ಕಳೆದುಕೊಂಡರು. ಥೋರೋ ತೆತ್ತದ್ದು ಒಂದು ರಾತ್ರಿ. ಅವರು ತೆತ್ತದ್ದು ಮನೆಮಠ.

ಅದೇ ವರ್ಷದ ಚಳಿಗಾಲದಲ್ಲಿ ನೂರು ಮಂದಿ ಆಳುಗಳು ಬಂದು ಹೆಪ್ಪುಗಟ್ಟಿದ ವಾಲ್ಡನ್ ಕೊಳದ ಮಂಜುಗಡ್ಡೆಯನ್ನು ಕತ್ತರಿಸಿ ರಾಶಿ ಹಾಕಿದರು. ಬಾಸ್ಟನ್ನಿನ ಟ್ಯೂಡರ್ ಎಂಬ ವ್ಯಾಪಾರಿಯು 1833ರಿಂದಲೇ ಹಡಗುಗಳಲ್ಲಿ ಮಂಜುಗಡ್ಡೆಯನ್ನು ತುಂಬಿ ಕಲ್ಕತ್ತೆಗೆ ಕಳುಹಿಸುತ್ತಿದ್ದನು. ಮುಂಬಯಿ, ಮದರಾಸುಗಳಿಗೂ ಅದು ಬರುತ್ತಿತ್ತು. ಚೆನ್ನೈಯಲ್ಲಿರುವ ನಮ್ಮ ವಾಚಕರು ಮರೀನಾ ಕಡಲತೀರದ ಐಸ್ ಹೌಸನ್ನು ನೋಡಿರಬಹುದು. ಆ ಮಂಜುಗಡ್ಡೆಯನ್ನು ಕೂಡಿಡಲು ಕಟ್ಟಿದ ಆ ಕಟ್ಟಡದಲ್ಲಿಯೇ 1897ರಲ್ಲಿ ವಿವೇಕಾನಂದರು ತಂಗಿದ್ದರು. ಬೆಳಿಗ್ಗೆ ಎದ್ದು ವಿಲ್ಕಿನ್ಸನ ಇಂಗ್ಲಿಷಿನಲ್ಲಿ ಭಗವದ್ಗೀತೆಯನ್ನು ಓದುತ್ತಿದ್ದ ಥೋರೋವಿಗೆ ತನ್ನ ಕೊಳದ ನೀರು ಗಂಗೆಯನ್ನು ಸೇರುವುದೆಂದು ಹಿಗ್ಗು. ವಾಸ್ತವವಾಗಿ ಆ ವರ್ಷದ ರಾಶಿಯಲ್ಲಿ ಹೆಚ್ಚಿನ ಪಾಲು ದಡದಲ್ಲಿಯೇ ಬಿದ್ದಿದ್ದು, 1848ರ ಸೆಪ್ಟೆಂಬರಿನ ಹೊತ್ತಿಗೆ ಕರಗಿ ಕೊಳಕ್ಕೇ ಮರಳಿತು.

1847ರ ಸೆಪ್ಟೆಂಬರ್ 6ರಂದು ಅವನು ಕೊಳವನ್ನು ಬಿಟ್ಟುಬಂದನು. ಎರಡು ವರ್ಷ, ಎರಡು ತಿಂಗಳು, ಎರಡು ದಿನಗಳ ವಾಸ. ಅಣ್ಣನ ನೆನಪಿನ ಪುಸ್ತಕವನ್ನು 1849ರಲ್ಲಿ ತನ್ನದೇ ಹೊಣೆಯಲ್ಲಿ ಅಚ್ಚು ಹಾಕಿಸಿದನು. 1000 ಪ್ರತಿಗಳಲ್ಲಿ 706 ಮಾರಾಟವಾಗದೆ 1853ರಲ್ಲಿ ಮನೆಗೇ ಮರಳಿ ಬಂದವು. ಅವನೇ ಅವನ್ನು ಬೆನ್ನ ಮೇಲೆ ಹೊತ್ತು ಮೇಲಿನ ಕೋಣೆಯಲ್ಲಿ ಜೋಡಿಸಿದನು. ಸಾಲವನ್ನು ತೀರಿಸಲು ನಾಲ್ಕು ವರ್ಷ ಹಿಡಿಯಿತು. ಸರಳವಾಗಿ ಬಾಳಲು ಬಲ್ಲವನಿಗೂ ಸಾಲವೆಂಬುದು ಸರಳವಾಗಿರಲಿಲ್ಲ. ಕಾಡಿನ ವಾಸವನ್ನು ವಿವರಿಸುವ ವಾಲ್ಡನ್ ಗ್ರಂಥವನ್ನು ಏಳು ಬಾರಿ ತಿದ್ದಿ ಬರೆದು 1854ರಲ್ಲಿ ಪ್ರಕಟಿಸಿದನು. ಅದರ 2000 ಪ್ರತಿಗಳು ಮುಗಿಯಲು ಐದು ವರ್ಷಗಳಾದವು.

ಉಳಿದ ಆಯುಷ್ಯದಲ್ಲಿ ಅವನು ಊರವರ ಹೊಲಗಳನ್ನು ಅಳೆದನು. ತಂದೆಯ ಸೀಸದ ಕಡ್ಡಿಯ ಕಾರ್ಖಾನೆಯನ್ನು ನೋಡಿಕೊಂಡನು. ಗ್ರಾಫೈಟಿಗೆ ಜೇಡಿಮಣ್ಣನ್ನು ಹದವಾಗಿ ಬೆರೆಸಿ ಕಡ್ಡಿಯನ್ನು ಉತ್ತಮಗೊಳಿಸಿದವನೇ ಅವನು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರಿಗೆ ಮನೆಯವರೆಲ್ಲ ಆಶ್ರಯವಿತ್ತರು. 1851ರಲ್ಲಿ ಅಂಥವನೊಬ್ಬನಿಗೆ ಟಿಕೀಟು ಕೊಡಿಸಿ ಕೆನಡಾದ ರೈಲು ಹತ್ತಿಸಿದವನು ಥೋರೋ. 1855ರಲ್ಲಿ ಇಂಗ್ಲಿಷ್ ಮಿತ್ರನೊಬ್ಬನು ಭಾರತದ ವೇದಾಂತ, ಪುರಾಣಾದಿಗಳ 44 ಸಂಪುಟಗಳನ್ನು ಕಳುಹಿಸಿದಾಗ, ನದಿಯಲ್ಲಿ ತೇಲಿಬಂದ ಹಲಗೆಗಳಿಂದ ತಾನೇ ಅವುಗಳಿಗೆ ಕಪಾಟು ಮಾಡಿದನು.

1860ರ ಡಿಸೆಂಬರಿನಲ್ಲಿ ಚಳಿಯಲ್ಲಿ ನಿಂತು ಕಡಿದ ಮರಗಳ ಉಂಗುರಗಳನ್ನು ಎಣಿಸುತ್ತಿದ್ದಾಗ ಹಿಡಿದ ನೆಗಡಿಯು ಹಳೆಯ ಕ್ಷಯವನ್ನು ಕೆರಳಿಸಿತು. ಕೊನೆಯ ತಿಂಗಳುಗಳಲ್ಲಿ ತಂಗಿ ಸೋಫಿಯಾಳ ನೆರವಿನಿಂದ ಪ್ರಬಂಧಗಳನ್ನು ತಿದ್ದುತ್ತ, 1862ರ ಮೇ 6ರಂದು 44ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಅವನು ಕಟ್ಟಿದ ಮನೆಯನ್ನು ಎಮರ್ಸನ್ನನ ತೋಟಗಾರನು ಕೊಂಡನು. ಮುಂದೆ 1849ರಲ್ಲಿ ರೈತರಿಬ್ಬರು ಅದನ್ನು ಊರ ಆಚೆಗೆ ಸಾಗಿಸಿ ಧಾನ್ಯ ತುಂಬಲು ಬಳಸಿದರು. 1868ರಲ್ಲಿ ಅದನ್ನು ಕಳಚಲಾಯಿತು. ಐರಿಷ್ ಕೂಲಿಯ ಗುಡಿಸಲಿನಿಂದ ಬಂದ ಹಲಗೆಗಳು ಮತ್ತೆ ಹಳೆಯ ಮರದ ರಾಶಿಯನ್ನು ಸೇರಿದವು. ಮಾಡು ಮಾತ್ರ ಯಾರದೋ ಕೊಟ್ಟಿಗೆಯ ಮೇಲೆ ಕೆಲವು ಕಾಲ ಉಳಿದಿತ್ತು.